ಅಪ್ಪನಿಗೆ ಕಥೆ ಹೇಳಿದ ಮಾವಶಿ

ಮಾವಶಿಯ ಬಲಗಿವಿ ಪೂರಾ ಕಿವುಡು. ಇಚಲಕರಂಜಿಯ ಮಗ್ಗದ ಶೆಡ್ಡುಗಳ ಗದ್ದಲದಲ್ಲೇ ಆಯುಷ್ಯ ಸವೆಸಿದವರು ಅವರು. ಯಾರಾದರೂ ಮಾತಾಡಿಸಿದರೆ ಸೆರಗು ಸರಿಸಿ, ಕತ್ತು ವಾಲಿಸಿ, ಎಡಗಿವಿಯನ್ನು ಎದುರಿನವರ ಬಾಯಿಯ ಹತ್ತಿರ ತರುತ್ತಿದ್ದರು. ಹಾಗೆ ಕೇಳಿಸಿಕೊಳ್ಳುವವರ ಮುಂದೆ ಸುಳ್ಳು ಹೇಳುವುದು ಕಷ್ಟ.

ನಮ್ಮದು ಲಿಂಗಾಯತರ ಮನೆ, ನೂಲಿನ ವ್ಯಾಪಾರ. ಪಕ್ಕದ ಮನೆ ಅವರದು. ಓಣಿಯಲ್ಲಿ ಕ್ರೈಸ್ತರೆಂದರೆ ಅವರೊಬ್ಬರೇ. ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದರು. ಅಮ್ಮನ ತಂಗಿಯನ್ನು ಕರೆಯುವಂತೆ ನಾನೂ ನನ್ನಣ್ಣನೂ ಅವರನ್ನು ಮಾವಶಿ ಎನ್ನುತ್ತಿದ್ದೆವು.

ಅವರಿಗೊಂದು ಆಸೆಯಿತ್ತು, ಅದನ್ನವರು ಎಂದೂ ಮುಚ್ಚಿಡಲಿಲ್ಲ. ತಮ್ಮ ಯೇಸುವಿನ ವಿಷಯವನ್ನು ನಮಗೆ, ಅದರಲ್ಲೂ ಅಪ್ಪನಿಗೆ, ಹೇಳಬೇಕು. ಚಹಾಕ್ಕೆ ಬಂದಾಗ ಆಗೀಗ ಕೇಳಿಯೇ ಬಿಡುತ್ತಿದ್ದರು.

"ಅಣ್ಣಾರ, ನನ್ನ ಪ್ರಭುಂದು ಒಂದ ಕಥಿ ಐತಿ. ಹೇಳಲೇನ್ರಿ?"

"ಬ್ಯಾಡ್ರಿ ಅಕ್ಕಾರ. ನಮಗ ನಮ್ಮ ಲಿಂಗ ಐತಿ."

"ಆತ್ರಿ," ಎಂದು ನಕ್ಕು, ನಳದ ನೀರು ಬಂತೋ ಇಲ್ಲವೋ ಎಂದು ವಿಚಾರಿಸುತ್ತಿದ್ದರು. ಮುಖದಲ್ಲಿ ಸಿಟ್ಟಿರುತ್ತಿರಲಿಲ್ಲ. ಆದರೆ ಓಣಿಯಲ್ಲಿ ಎಲ್ಲರೂ ಅಪ್ಪನಷ್ಟು ಮೆತ್ತಗಿರಲಿಲ್ಲ. "ಮಂದಿನ್ನ ಜಾತಿ ಕೆಡಸಾಕ ಕುಂತಾಳ" ಎಂದು ಕೆಲವರು ಅವರ ಕ್ರಿಸ್ಮಸ್ ಕರಂಜಿಯನ್ನು, ಅಂದರೆ ಕರ್ಜಿಕಾಯಿಯನ್ನು, ತಟ್ಟೆಯ ಸಮೇತ ವಾಪಸು ಕಳಿಸಿದ್ದನ್ನು ನಾನೇ ಕಂಡಿದ್ದೇನೆ. ಆ ದಿನ ಅವರು ಬಾಗಿಲು ಹಾಕಿಕೊಂಡು ಅತ್ತಿದ್ದರು. ಮರುವರ್ಷ ಮತ್ತೆ ಅದೇ ಮನೆಗಳಿಗೆ ಕರಂಜಿ ಒಯ್ದರು.

ಒಮ್ಮೆ ಕೊಲ್ಹಾಪುರದಿಂದ ಒಬ್ಬ ತರುಣ ಬೋಧಕ ಅವರ ಮನೆಗೆ ಬಂದಿದ್ದ. ಹುರುಪಿನ ಹುಡುಗ. ನಮ್ಮ ಕಟ್ಟೆಯ ಮುಂದೆ ನಿಂತು ಮರಾಠಿಯಲ್ಲಿ ಜೋರಾಗಿ, ನೀವು ಪೂಜಿಸುವುದು ಬರೀ ಕಲ್ಲು ಎಂದುಬಿಟ್ಟ. ಜನ ಸೇರಿದರು. ಅಪ್ಪ ಎದ್ದು ನಿಂತರು. ಅಷ್ಟರಲ್ಲಿ ಮಾವಶಿ ಬಂದು ಅವನ ತೋಳು ಹಿಡಿದು ಒಳಗೆ ಕರೆದೊಯ್ದರು. ಅವನನ್ನು ಕಳಿಸಿದ ಮೇಲೆ ನಮ್ಮ ಮನೆಗೆ ಬಂದು ಕೈಮುಗಿದರು.

ಅಪ್ಪನ ಸಿಟ್ಟು ಇಳಿದಿರಲಿಲ್ಲ. "ನಿಮಗೂ ಅದನ್ನ ಹೇಳೂದೈತೆಲ್ರಿ ಅಕ್ಕಾರ? ಅಂವ ಬಿಚ್ಚಿ ಹೇಳಿದ, ನೀವು ನಕ್ಕೋತ ಹೇಳ್ತೀರಿ."

ಮಾವಶಿ ತಡವರಿಸಿದರು. "ನೀವು ನನ್ನ ಪ್ರಭುನ ಮಾತ ಕೇಳಬೇಕು ಅಂತ ಭಾಳ ಆಸಿ ಐತ್ರಿ. ಇಲ್ಲ ಅಂದ್ರ ಸುಳ್ಳಾಕ್ಕೈತಿ. ಆದ್ರ ನಿಮ್ಮನ್ನ ಸಣ್ಣಾವ್ರನ್ನ ಮಾಡಿ ನನ್ನ ದೇವರನ್ನ ದೊಡ್ಡಾಂವನ್ನ ಮಾಡಾಕ ನನಗ ಬರೂದಿಲ್ರಿ."

ಅಮ್ಮ ಚಹಾ ತಂದಿಟ್ಟಳು.

ಮುಂದಿನ ಕಬ್ಬಿನ ಸುಗ್ಗಿಯಲ್ಲಿ, ಹಾತಕಣಂಗಲೆಯ ರಸ್ತೆಯಲ್ಲಿ ನನ್ನಣ್ಣನ ಬೈಕು ಕಬ್ಬಿನ ಟ್ರಾಲಿಗೆ ಬಡಿಯಿತು. ಅಣ್ಣ ಉಳಿಯಲಿಲ್ಲ. ಅಪ್ಪ ಅಳಲಿಲ್ಲ. ಮಾತು ಬಿಟ್ಟರು, ಹೊಟ್ಟೆತುಂಬ ಉಣ್ಣುವುದು ಬಿಟ್ಟರು, ಅಂಗಡಿ ಬಿಟ್ಟರು, ಲಿಂಗಪೂಜೆಯನ್ನೂ ಬಿಟ್ಟರು. ಬಂದವರೆಲ್ಲ ಹಣೆಬರಹ, ದೇವರ ಇಚ್ಛೆ ಎಂದು ಸಮಾಧಾನ ಹೇಳಿ ಹೋದರು. ಮಾವಶಿ ಮಾತ್ರ ದಿನಾ ರೊಟ್ಟಿ, ಜುಣಕ ತಂದಿಟ್ಟು ಗೋಡೆಗೊರಗಿ ಸುಮ್ಮನೆ ಕೂರುತ್ತಿದ್ದರು. ಯೇಸುವಿನ ಹೆಸರೆತ್ತಲಿಲ್ಲ. ಈಗಲಾದರೂ ಹೇಳಿಯಾರು ಎಂದು ನಾನು ಕಾಯುತ್ತಿದ್ದೆ.

ಒಂದು ಸಂಜೆ ಅಪ್ಪನೇ ಕೇಳಿದರು. "ಅಕ್ಕಾರ, ಏನೋ ಕಥಿ ಐತಿ ಅಂತಿದ್ರಲ್ಲ. ಹೇಳ್ರಿ."

ಅಷ್ಟು ವರ್ಷ ಕಾದವರು ಅಪ್ಪನ ಹತ್ತಿರ ಸರಿದು ಕೂತರು. ಆಮೇಲೆ ನಿಧಾನಕ್ಕೆ ಹೇಳಿದರು. ಯೇಸುವಿಗೊಬ್ಬ ಗೆಳೆಯನಿದ್ದ. ಅವನು ಸತ್ತ. ಯೇಸು ಬರುವುದು ತಡವಾಯಿತು. ನೀನು ಇಲ್ಲಿದ್ದಿದ್ದರೆ ಸಾಯುತ್ತಿರಲಿಲ್ಲ ಎಂದು ಸತ್ತವನ ಅಕ್ಕತಂಗಿಯರು ಅವನನ್ನೇ ದೂರಿದರು.

"ಗೆಳ್ಯಾನ್ನ ಎಬ್ಬಸತೇನಿ ಅಂತ ಅಂವಗ ಗೊತ್ತಿತ್ರಿ ಅಣ್ಣಾರ. ಎಬ್ಬಿಸಿದಾ ಸೈತ. ಆದ್ರ ಅದಕ್ಕೂ ಮೊದಲ ಅವರ ಜೋಡಿ ನಿಂತ ಅತ್ತಾನ್ರಿ."

"ದೇವರು ಅತ್ತಾನ?"

"ಹೌದ್ರಿ. ಅತ್ತಾನ."

ಅಪ್ಪ ಮುಖ ಮುಚ್ಚಿಕೊಂಡರು. ಭುಜ ಅಲುಗತೊಡಗಿತು. ಅಣ್ಣ ಹೋದಮೇಲೆ ಅಪ್ಪ ಅತ್ತದ್ದು ಅದೇ ಮೊದಲು. ಒಳಗಿನಿಂದ ಓಡಿಬಂದ ಅಮ್ಮನೂ ಅವರ ಪಕ್ಕ ಕೂತು ಅತ್ತಳು.

ಮರುದಿನ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿ, ಮತ್ತೆ ಪೂಜೆಗೆ ಕೂತರು. ಮಾವಶಿ ಬಾಗಿಲಲ್ಲಿ ನಿಂತು ಅದನ್ನು ನೋಡಿ ಹಿಂತಿರುಗಿದರು. ನಾನು ಹಿಂದೆಯೇ ಹೋದೆ.

"ಮಾವಶಿ, ಬ್ಯಾಸರಾತೇನ್ರಿ?"

"ಸ್ವಲ್ಪ ಆತವಾ," ಎಂದು ಕಣ್ಣೊರೆಸಿಕೊಂಡರು. "ನಿಮ್ಮಪ್ಪ ನನ್ನ ಪ್ರಭುನ ಹಂತೇಕ ಬರ್ತಾರ ಅಂತ ಆಸಿ ಇತ್ತು. ಇನ್ನೂ ಐತಿ. ಆದ್ರ ಹೇಳೂದಷ್ಟ ನನ್ನ ಕೆಲಸ. ನಿಮ್ಮಪ್ಪ ನಿನ್ನಿ ರಾತ್ರಿ ಹೊಟ್ಟಿತುಂಬ ಉಂಡಾರಲ್ಲ? ಅದಕ್ಕ ಖುಷಿ ಆಗೇತಿ ನೋಡು."

ಅದಾದ ಮೇಲೆ ವರ್ಷಗಟ್ಟಲೆ ಅಪ್ಪ ತಾವಾಗಿಯೇ ಕಥೆ ಕೇಳುತ್ತಿದ್ದರು, ವಾದವನ್ನೂ ಮಾಡುತ್ತಿದ್ದರು. ಮಾವಶಿ ಸೋಲುತ್ತಲೂ ಇರಲಿಲ್ಲ, ಗೆಲ್ಲುತ್ತಲೂ ಇರಲಿಲ್ಲ. ಹೋದ ಮಳೆಗಾಲದಲ್ಲಿ ಜ್ವರ ನೆಪವಾಗಿ ತೀರಿಕೊಂಡರು. ಅಪ್ಪ ಹಣೆಯ ವಿಭೂತಿಯೊಂದಿಗೇ ಶವಪೆಟ್ಟಿಗೆಗೆ ಹೆಗಲು ಕೊಟ್ಟರು. ಅದೇ ಬೋಧಕ, ಈಗ ನಡುವಯಸ್ಸಿನವನು, ಎದುರಿನ ಕೊನೆಗೆ ಹೆಗಲು ಕೊಟ್ಟಿದ್ದ.

ಈಚೆಗೆ ಗಡಹಿಂಗ್ಲಜದ ನಮ್ಮ ಬಂಧುಗಳ ಮನೆಯಲ್ಲಿ ಎಳೆಯ ಮಗಳು ತೀರಿಕೊಂಡಳು. ಅಪ್ಪನೂ ನಾನೂ ಮಾತಾಡಿಸಲು ಹೋದೆವು. ಆ ತಾಯಿ ಕಲ್ಲಿನಂತೆ ಕೂತಿದ್ದಳು. ಅಪ್ಪ ಬಹಳ ಹೊತ್ತು ಅವಳ ಪಕ್ಕ ಸುಮ್ಮನೆ ಕೂತರು. ಆಮೇಲೆ ಮೆಲ್ಲಗೆ ಕೇಳಿದರು:

"ನಮ್ಮ ಅಕ್ಕಾರು ಒಂದ ಕಥಿ ಹೇಳಿದ್ರವಾ. ಹೇಳಲೇನು?"

ಅವಳು ಹೂಂ ಎಂದು ತಲೆಯಾಡಿಸಿದಳು.