ಕಂಬದೊಡನೆ ಬಸ್ಸನ್ನು ಮಾತಾಡಿಸಿದವಳು

ನಾನು ಭದ್ರಾವತಿ–ಶಿವಮೊಗ್ಗ ಬಸ್ ಓಡಿಸುತ್ತಿದ್ದ ಕೊನೆಯ ವರ್ಷ, ಇಂಜಿನಿಯರ್ ಹುಡುಗಿಯೊಬ್ಬಳು ಮುಂಗಾಜಿನ ಹಿಂದೆ ರೇಡಿಯೋ ಪೆಟ್ಟಿಗೆ ಕೂರಿಸಿದಳು. ಬಸ್ ಹತ್ತಿರವಾದಾಗ ಅದು ಸಿಗ್ನಲ್ ಕಂಬಕ್ಕೆ ನೇರವಾಗಿ ತಿಳಿಸಿ ಹಸಿರು ದೀಪ ಕೇಳಬೇಕು. ಕಂಬಕ್ಕೆ ಕೇಳಿಸಲೇ ಇಲ್ಲ. "ಮಾತಾಡುತ್ತೆ, ತಡೀರಿ" ಎಂದು ಪೆಟ್ಟಿಗೆಯ ಬೆನ್ನು ತಟ್ಟಿ, ಬೇರೆ ಬಗೆಯ ರೇಡಿಯೋ ತಂದಳು. ಅದೂ ಸೋತಿತು. "ನಾಳೆಯೂ ಆಗ್ದಿದ್ರೆ ನನ್ನ ಕೆಲಸ ನಿಲ್ಲಿಸ್ತಾರೆ" ಎಂದಾಗ ನನಗೆ ತಡೆಯಲಾಗಲಿಲ್ಲ.

"ತಪ್ಪು ನಂದೇ ತಾಯಿ. ಪೆಟ್ಟಿಗೆ ಮುಂದೆ ಲೋಹ ಇಡಬೇಡಿ, ರೇಡಿಯೋಗೆ ಅಡ್ಡ ಆಗುತ್ತೆ ಅಂದಿದ್ರಿ. ನೀವು ಕಂಬದ ಹತ್ರ ಹೋದ್ಮೇಲೆ ಪೂಜೆ ಮಾಡಿ, ದೇವರ ಹಿತ್ತಾಳೆ ಫಲಕ ಅಲ್ಲೇ ಇಡ್ತಿದ್ದೆ."

"ಅಯ್ಯೋ ಮಾರಾಯ್ರೇ! ದೇವ್ರನ್ನ ಸ್ವಲ್ಪ ಪಕ್ಕಕ್ಕೆ ಕೂರ್ಸಿ, ದಾರಿ ಬಿಡ್ಲಿ!" ಎಂದು ನಕ್ಕುಬಿಟ್ಟಳು.

ಮರುದಿನ ಬಸ್ ಸಮೀಪಿಸುತ್ತಿದ್ದಂತೆ ಹಸಿರು ಬಿತ್ತು. ಅವಳು ಕಂಬವನ್ನೇ ತಬ್ಬಿ ಕುಣಿಯುತ್ತಿದ್ದಳು. ನಾನು ಮದುವೆ ದಿಬ್ಬಣದ ಡ್ರೈವರನಂತೆ ಹಾರ್ನ್ ಒತ್ತುತ್ತಲೇ ಹೋದೆ.