ಮಂಚದೆದುರು ಮೂಡಿದ ಸಾಲು

ದೆವ್ವ ಕಂಡಿತು, ಶಕುನವಾಯಿತು, ಸತ್ತವರು ಕನಸಿಗೆ ಬಂದರು ಎಂದು ಬರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ನಂಬುತ್ತಿರಲಿಲ್ಲ ಎಂದರೆ ಮೆತ್ತಗಿನ ಮಾತಾಯಿತು. ನಂಬುವವರನ್ನು ನಾಲ್ಕು ಜನರ ಮುಂದೆ ನಗೆಪಾಟಲು ಮಾಡುವುದು ನನ್ನ ಚಟವೇ ಆಗಿತ್ತು. ಒಂದು ಖಂಡೇನವಮಿಯ ದಿನ ಕಲ್ಲಪ್ಪ ಕಾಕಾ ನಮ್ಮ ಆಫೀಸಿನ ಕಂಪ್ಯೂಟರಿಗೆ ವಿಭೂತಿ ಹಚ್ಚಿ ಕೈಮುಗಿದರು. ನಾನು ಅವರ ಎದುರಿಗೇ ಅದನ್ನು ಒರೆಸಿ ಹಾಕಿ, "ಕಾಕಾ, ಇದು ನಿಮ್ಮ ರೇಡಿಯೋ ಅಲ್ಲರಿ" ಅಂದೆ. ಅವರು ನಕ್ಕುಬಿಟ್ಟರು. ಈಗ ನಾನೇ ಇಂಥದೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ, ನನಗೆ ಅದು ಸಲ್ಲಬೇಕಾದದ್ದೇ.

ಕಲ್ಲಪ್ಪ ಕಾಕಾ ನನ್ನ ಸಂಬಂಧಿಕರಲ್ಲ. ರಾಯಬಾಗದಲ್ಲಿ ಮೂವತ್ತು ವರ್ಷ ರೇಡಿಯೋ, ಟಿ.ವಿ. ರಿಪೇರಿ ಮಾಡಿದವರು. ಆ ಧಂದೆ ಮುಳುಗಿದಾಗ ಎಲ್ಲರಂತೆ ಮೊಬೈಲ್ ಅಂಗಡಿ ಹಾಕದೆ, ಐವತ್ತು ದಾಟಿದ ಮೇಲೆ ಪುಸ್ತಕ ಕೊಂಡು ಪ್ರೋಗ್ರಾಮಿಂಗ್ ಕಲಿತ ವಿಚಿತ್ರ ಮನುಷ್ಯ. ನಾನು ಅಥಣಿಯಲ್ಲಿ ಎರಡು ಖೋಲಿ ಹಿಡಿದು ಕೆಲಸ ಶುರು ಮಾಡಿದಾಗ, ದಿನಾ ಬಸ್ಸಿನಲ್ಲಿ ಕೃಷ್ಣೆ ದಾಟಿ ಬರುತ್ತಿದ್ದರು. ಆರು ವರ್ಷ ಹಾಗೆ ಬಂದರು. ಅವರ ಇಂಗ್ಲಿಷನ್ನು ನಾನು ಆಡಿಕೊಳ್ಳುತ್ತಿದ್ದೆ. ಅವರ ಕೋಡನ್ನು ಆಡಿಕೊಳ್ಳಲು ಮಾತ್ರ ನನಗೆ ಒಂದು ಸಲವೂ ಆಗಲಿಲ್ಲ.

ನಾವು ಕಟ್ಟುತ್ತಿದ್ದದ್ದು ಏನೆಂದು ಎರಡು ಮಾತಿನಲ್ಲಿ ಹೇಳುತ್ತೇನೆ. ನಮ್ಮ ಕಡೆ ದ್ರಾಕ್ಷಿಯನ್ನು ಒಣಗಿಸಿ ಮಣೂಕ ಮಾಡುವ ಶೆಡ್ಡುಗಳಿವೆ. ಹವೆಯಲ್ಲಿ ಪಸೆ ಏರಿದಾಗ ಫ್ಯಾನ್ ತಿರುಗದಿದ್ದರೆ ಮಣೂಕ ಕಪ್ಪಾಗುತ್ತದೆ. ಯಾವಾಗ ಫ್ಯಾನ್ ಹಾಕಬೇಕು, ಯಾವಾಗ ಸುತ್ತಲಿನ ತಾಡಪತ್ರಿ ಇಳಿಸಬೇಕು ಎಂಬ ನೇಮ ಒಂದೊಂದು ಶೆಡ್ಡಿಗೂ ಬೇರೆ. ಅದನ್ನು ಜಾವಾಸ್ಕ್ರಿಪ್ಟಿನಲ್ಲಿ ನಾಲ್ಕು ಸಾಲು ಬರೆದರೆ, ಶೆಡ್ಡಿನ ಗೋಡೆಗೆ ಹೊಡೆದ ಅಂಗೈಯಗಲದ ಬೋರ್ಡು ಅದರಂತೆ ನಡೆಯಬೇಕು. ಆ ಭಾಷೆಯನ್ನು ಓದಿ ನಡೆಸುವ ಎಂಜಿನ್ ಬೇರೆಯವರು ಬರೆದಿಟ್ಟದ್ದು ಪುಕ್ಕಟೆ ಸಿಗುತ್ತದೆ. ಆದರೆ ಬರೀ ಎಂಜಿನ್ನಿಗೆ ಗಡಿಯಾರ ಗೊತ್ತಿಲ್ಲ, ಫ್ಯಾನ್ ಗೊತ್ತಿಲ್ಲ, ಕಂಪ್ಯೂಟರಿನ ಪರದೆಯ ಮೇಲೆ ಒಂದು ಅಕ್ಷರ ಮೂಡಿಸಲೂ ಬಾರದು. ಅವನ್ನೆಲ್ಲ ನಾವೇ ಬರೆದು ಜೋಡಿಸಬೇಕು. ಡೀಸೆಲ್ ಎಂಜಿನ್ ಕೊಂಡು ತಂದು ಅದರ ಮೇಲೆ ಕಬ್ಬಿನ ಗಾಣ ಕೂರಿಸಿದ ಹಾಗೆ. ಹಾಗೆ ಕೂರಿಸಿದ ಗಾಣಕ್ಕೆ ನಮ್ಮವರು ರನ್‌ಟೈಮ್ ಎನ್ನುತ್ತಾರೆ.

ಪರದೆ, ಫೈಲು, ನೆಟ್‌ವರ್ಕಿನ ಭಾಗ ನನ್ನದು. ಗಡಿಯಾರದ ಭಾಗ, ಅಂದರೆ ಯಾವ ಕೆಲಸ ಎಷ್ಟು ಹೊತ್ತಿಗೆ ನಡೆಯಬೇಕೆಂದು ಸರದಿಯಲ್ಲಿ ನಿಲ್ಲಿಸುವುದು, ಕಾಕಾರದು. ಅದೇ ಜೀವಾಳ. ಅವರಿಗೆ ಒಂದು ಅಭ್ಯಾಸವಿತ್ತು, ಏನನ್ನೂ ಬರೆದಿಡುತ್ತಿರಲಿಲ್ಲ. ಪಕ್ಕದ ಅಂಗಡಿಯವನು ನೋಡಿ ಕಲಿತಾನು ಎಂದು ಸರ್ಕಿಟ್ಟಿನ ನಕ್ಷೆಯನ್ನು ತಲೆಯಲ್ಲೇ ಇಟ್ಟುಕೊಂಡು ಬೆಳೆದ ಜೀವ. ಕೋಡಿನಲ್ಲಿ ಒಂದು ಟಿಪ್ಪಣಿ ಇಲ್ಲ, ಹೆಸರುಗಳೆಲ್ಲ ಅವರಿಗೊಬ್ಬರಿಗೇ ಅರ್ಥವಾಗುವ ಒಂದೆರಡು ಅಕ್ಷರ. ಬೈದರೆ, "ನಾ ಅದೀನಲಾ, ಕೇಳಪಾ" ಅನ್ನುತ್ತಿದ್ದರು.

ನಾಲ್ಕು ವರ್ಷದ ಹಿಂದೆ, ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಸರಿಯಾಗಿ, ಅವರಿಗೆ ಲಕ್ವಾ ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು, ಮಾತು ಹೋಯಿತು. ಅದೇ ವಾರ ಮಂಗಸೂಳಿಯ ಶೆಡ್ಡಿನಲ್ಲಿ ನಮ್ಮ ಮೊದಲ ಬೋರ್ಡು ಕೈಕೊಡತೊಡಗಿತು. ನಾಲ್ಕೈದು ತಾಸು ಚೆನ್ನಾಗಿ ನಡೆದು, ಸರದಿಯಲ್ಲಿದ್ದ ಯಾವುದೋ ಒಂದು ಕೆಲಸ ಮಾಯವಾಗಿ ಫ್ಯಾನ್ ನಿಂತುಬಿಡುತ್ತಿತ್ತು. ಶೆಡ್ಡಿನ ಗೌಡರು ಎಂಟು ದಿನ ಕೊಟ್ಟರು. ಅಷ್ಟರಲ್ಲಿ ಸರಿಯಾಗದಿದ್ದರೆ ಬೋರ್ಡು ಕಿತ್ತು ಒಗೆಯುತ್ತೇನೆ, ಕಾಗವಾಡದ ಕಡೆ ಒಬ್ಬರೂ ನಿಮ್ಮನ್ನು ಶೆಡ್ಡಿನ ಹತ್ತಿರ ಬಿಟ್ಟುಕೊಳ್ಳದಂತೆ ನೋಡಿಕೊಳ್ಳುತ್ತೇನೆ ಎಂದರು. ನಾನು ಮೂರು ದಿನ ಕಾಕಾರ ಕೋಡಿನಲ್ಲಿ ತಲೆ ಹಾಕಿ ಕೂತೆ. ಕತ್ತಲಲ್ಲಿ ಸೂಜಿ ಹುಡುಕಿದ ಹಾಗಾಯಿತು.

ನಾಲ್ಕನೆಯ ದಿನ ಸಂಜೆ ಗೌಡರನ್ನು ಸಮಾಧಾನ ಮಾಡಲು ಮಂಗಸೂಳಿಗೆ ಹೋದೆ. ಶೆಡ್ಡಿನ ಹಿಂದೆ ಬಯಲಿನಲ್ಲಿ ನಾವಿಬ್ಬರೇ ನಿಂತಿದ್ದೆವು. "ಆ ರಾಯಬಾಗದ ಹಿರ್ಯಾರು ಮಲಗ್ಯಾರಂತ, ಮುಂದ ಹೆಂಗ?" ಎಂದು ಗೌಡರು ಕೇಳಿದರು. ನಾನು ಹೇಳಿದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ. "ಮುದುಕ ಸಾಯೂಕಿಂತ ಮೊದ್ಲ ಅಂವನ ತಲ್ಯಾಗಿಂದು ಅಷ್ಟು ತಗೊಂಡ್ರ ಸಾಕ್ರಿ. ಆಮ್ಯಾಗ ನಿವಾಂತ ಮಣ್ಣ ಕೊಟ್ಟ ಬರೂನು." ಗೌಡರು ನಗಲಿಲ್ಲ. ನಾನೊಬ್ಬನೇ ನಕ್ಕೆ. ನನ್ನ ಲ್ಯಾಪ್‌ಟಾಪು, ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಇನ್ನೊಂದು ಬೋರ್ಡು ಎರಡೂ ಆಗ ಅಥಣಿಯಲ್ಲಿ ಬೀಗ ಹಾಕಿದ ಖೋಲಿಯಲ್ಲಿದ್ದವು. ಮೊಬೈಲು ದೂರದಲ್ಲಿ ನಿಲ್ಲಿಸಿದ ಕಾರಿನಲ್ಲಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

ಮರುದಿನ ಮಧ್ಯಾಹ್ನ ರಾಯಬಾಗಕ್ಕೆ ಹೋದೆ. ಕಾಕಾರನ್ನು ದವಾಖಾನೆಯಿಂದ ಮನೆಗೆ ತಂದು ಎರಡು ದಿನವಾಗಿತ್ತು. ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು, ನಾನು ಅವರಿಗೆ ಕಾಕು ಎನ್ನುತ್ತೇನೆ. ನನ್ನ ಹೆಗಲ ಮೇಲಿನ ಚೀಲ ನೋಡಿ, "ತಲಿಗಿ ತ್ರಾಸ ಕೊಡಬ್ಯಾಡ್ರಿ ಅಂತ ಡಾಕ್ಟರ್ ಹೇಳ್ಯಾರಪಾ" ಅಂದರು. "ಇಲ್ರಿ ಕಾಕು, ಸುಮ್ನ ನೋಡಿ ಹೋಗಾಕ ಬಂದೇನಿ" ಅಂದೆ. ಒಳಗೆ ಹೋಗಿ ಮಂಚದ ಪಕ್ಕ ಸ್ಟೂಲ್ ಎಳೆದು ಲ್ಯಾಪ್‌ಟಾಪ್ ಬಿಚ್ಚಿಟ್ಟೆ, ಬೋರ್ಡು ಜೋಡಿಸಿದೆ. ಗರಜವಂತನಿಗೆ ಅಕ್ಕಲಿಲ್ಲ, ಅಡಚಣೆಯಲ್ಲಿದ್ದವನಿಗೆ ಬುದ್ಧಿ ಇರುವುದಿಲ್ಲ ಎಂದು ನಮ್ಮ ಗಡಿಯಲ್ಲಿ ಒಂದು ಮಾತಿದೆ. ನನಗೆ ಅಕ್ಕಲಿತ್ತು. ಇರದಿದ್ದದ್ದು ನಾಚಿಕೆ.

ಕಾಕಾರಿಗೆ ಎಲ್ಲವೂ ತಿಳಿಯುತ್ತಿತ್ತು. ಹೌದಾದರೆ ಒಂದು ಸಲ ರೆಪ್ಪೆ ಬಡಿಯುವುದು, ಇಲ್ಲವಾದರೆ ಎರಡು ಸಲ ಎಂದು ಕಾಕು ಅಷ್ಟರಲ್ಲೇ ರೂಢಿ ಮಾಡಿಸಿದ್ದರು. ನಾನು ಅವರ ಕೋಡನ್ನು ಪುಟಪುಟವಾಗಿ ಮುಂದಿಟ್ಟು "ತಪ್ಪು ಇಲ್ಲೈತೇನ್ರಿ? ಇಲ್ಲಿ?" ಎಂದು ಕೇಳುತ್ತ ಹೋದೆ. ಎರಡು, ಎರಡು, ಎರಡು. ಒಂದು ತಾಸು ಹೀಗೆ ನಡೆಯಿತು. ಅವರ ಎಡಗಣ್ಣಿನಿಂದ ನೀರು ಇಳಿಯತೊಡಗಿತು. ನಾನು ಟವೆಲ್ಲಿನಿಂದ ಒರೆಸಿದೆ. ಕರುಣೆಯಿಂದಲ್ಲ, ನೀರು ತುಂಬಿದರೆ ಅವರಿಗೆ ಪರದೆ ಕಾಣುವುದಿಲ್ಲವಲ್ಲ ಎಂದು. "ಸಾಕ ಬಿಡೋ ನಮ್ಮಪ್ಪಾ, ಕೈ ಮುಗೀತೇನಿ" ಎಂದು ಕಾಕು ಅಂದರು. "ಇನ್ನೈದ ಮಿನಿಟ್ರಿ" ಅಂದೆ.

ತಪ್ಪನ್ನು ಕಣ್ಣಮುಂದೆಯೇ ತೋರಿಸಿದರೆ ಅವರಿಗೆ ಹೊಳೆದೀತು ಎಂದುಕೊಂಡು ಒಂದು ಸಣ್ಣ ಪರೀಕ್ಷೆ ಓಡಿಸಿದೆ. ಲ್ಯಾಪ್‌ಟಾಪಿನ ಪರದೆಯ ಮೇಲೆ ಸೆಕೆಂಡಿಗೊಂದು ಅಂಕಿ ಬರಬೇಕು, ಅಷ್ಟೇ. ತಪ್ಪು ಬೇಗ ಬರಲೆಂದು ಬೋರ್ಡಿನ ಮೆಮೊರಿಯಲ್ಲಿ ಬೇಕೆಂದೇ ಕಸ ತುಂಬಿದ್ದೆ. ಒಂದು, ಎರಡು, ಮೂರು ಎಂದು ಹದಿನೇಳರವರೆಗೆ ಬಂದು ನಿಂತಿತು. ನಿಲ್ಲಬೇಕಾದದ್ದೇ. ಆಮೇಲೆ ಅದರ ಕೆಳಗೆ ಒಂದು ಸಾಲು ಕನ್ನಡ ಮೂಡಿತು.

ಪರದೆಗೆ ಅಕ್ಷರ ಮೂಡಿಸುವ ಭಾಗ ನಾನು ಬರೆದದ್ದೆಂದು ಹೇಳಿದೆನಲ್ಲ. ಅದಕ್ಕೆ ಇಂಗ್ಲಿಷ್ ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಕನ್ನಡ ಕೊಟ್ಟರೆ ಸಾಲುದ್ದಕ್ಕೂ ಪ್ರಶ್ನಾರ್ಥಕ ಚಿಹ್ನೆ ಉಗುಳುತ್ತಿತ್ತು, ಮುಂದೆ ನೋಡಿದರಾಯಿತು ಎಂದು ಬಿಟ್ಟಿದ್ದೆ. ಈ ಸಾಲಿನಲ್ಲಿ ಒಂದು ಒತ್ತಕ್ಷರವೂ ಕೆಟ್ಟಿರಲಿಲ್ಲ. ನಾನು ಓದುವುದರೊಳಗೆ ಕಾಕು ಓದತೊಡಗಿದ್ದರು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರು, ಬಸ್ಸಿನ ಬೋರ್ಡಿರಲಿ ಔಷಧದ ಡಬ್ಬಿಯಿರಲಿ, ಕನ್ನಡ ಕಂಡರೆ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುವುದು ಅವರ ರೂಢಿ.

"ಮು... ದು... ಕ. ಸಾ... ಯೂ... ಕಿಂತ ಮೊದ್ಲ..."

ಲ್ಯಾಪ್‌ಟಾಪಿನ ಮುಚ್ಚಳ ನನ್ನ ಕೈಯ ಪಕ್ಕದಲ್ಲೇ ಇತ್ತು. ಒಂದು ತಳ್ಳಿದ್ದರೆ ಮುಗಿಯುತ್ತಿತ್ತು. ಕೈ ಏಳಲಿಲ್ಲ. ಅವರು ಕೊನೆಯವರೆಗೂ ಓದಿದರು, ಸಾಕ್ರಿ ಎನ್ನುವಲ್ಲಿಯ ರಿ ಕೂಡ ಬಿಡಲಿಲ್ಲ. ಅಕ್ಷರ ಕೂಡಿಸುವುದರಲ್ಲೇ ಮುಳುಗಿದ್ದವರಿಗೆ ಅರ್ಥ ಹಿಂದಿನಿಂದ ಬಂದು ಮುಟ್ಟಿತು.

"ಯಾರಿಗಿ ಬರದೈತಪಾ ಇದು?"

"ಏನಿಲ್ರಿ ಕಾಕು. ಮಷೀನು, ಏನರ ಒಂದ ಬರಿತಿರ್ತೈತಿ."

"ಮಷೀನಿಗಿ ಮಣ್ಣ ಕೊಡೂದು ಹೆಂಗ ಗೊತ್ತ?"

ಅವರು ಚುಚ್ಚಲೆಂದು ಕೇಳಿದ್ದಲ್ಲ. ತಿಳಿಯದೆ ಕೇಳಿದ್ದರು. ನಾನು ಕಾಕಾರ ಕಡೆ ನೋಡಿದೆ. ಅವರು ಪರದೆ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ಆರು ವರ್ಷ ಎದುರುಬದುರು ಕೂತವರಿಗೆ ಒಬ್ಬನ ಮಾತಿನ ಧಾಟಿ ಗೊತ್ತಾಗದೆ ಇರುತ್ತದೆಯೇ?

ಆಮೇಲೆ ನಾನು ಮಾಡಿದ್ದು ಕೇಳಿ. ಎದ್ದು ಕಾಲು ಹಿಡಿಯಲಿಲ್ಲ. ಆ ಸಾಲು ಕಣ್ಣಿಂದ ಮರೆಯಾಗಲೆಂದು ಮತ್ತೆ ಅವರ ಕೋಡನ್ನೇ ಪರದೆಗೆ ತಂದು, ಏನೂ ಆಗದವನಂತೆ ಕೆಳಗೆ ಸರಿಸುತ್ತ ಹೋದೆ. ಕೇಳುವ ಧೈರ್ಯ ಉಳಿದಿರಲಿಲ್ಲ, ಬೆರಳು ಮಾತ್ರ ಓಡುತ್ತಿತ್ತು. ಒಂದು ಕಡೆ ಕಾಕಾ ರೆಪ್ಪೆ ಬಡಿದರು. ಒಂದೇ ಸಲ. "ಇಲ್ಲೇನ್ರಿ?" ಅಂದೆ. ಮತ್ತೆ ಒಂದು ಸಲ. ಆ ಮೇಲೆ ಕಣ್ಣು ಮುಚ್ಚಿದವರು ನಾನು ಚೀಲ ಕಟ್ಟಿ ಹೊರಡುವವರೆಗೂ ತೆರೆಯಲಿಲ್ಲ.

ತಪ್ಪು ಅಲ್ಲಿಯೇ ಇತ್ತು. ಯಾರೂ ಹಿಡಿದುಕೊಂಡಿರದ ವಸ್ತುವನ್ನು ಎಂಜಿನ್ ಕಸವೆಂದು ತಿಳಿದು ಗುಡಿಸಿಬಿಡುತ್ತದೆ. ಸರದಿಯಲ್ಲಿ ಕಾಯುತ್ತಿದ್ದ ಕೆಲಸವನ್ನು ಅದು ಮುಗಿಯುವವರೆಗೆ ನಾವು ಹಿಡಿದಿಡಬೇಕಿತ್ತು, ಒಂದು ಕಡೆ ಹಿಡಿದಿರಲಿಲ್ಲ. ಒಂದೇ ಸಾಲು ಸೇರಿಸಿದೆ. ಗೌಡರ ಫ್ಯಾನ್ ಅಂದಿನಿಂದ ನಿಂತಿಲ್ಲ. ಈಗ ಶೇಡಬಾಳದವರೆಗೂ ನಮ್ಮ ಬೋರ್ಡುಗಳಿವೆ.

ಆ ಕನ್ನಡದ ಸಾಲು ಎಲ್ಲಿಂದ ಬಂತು? ಈ ಕೆಲಸ ಬಲ್ಲ ಇಬ್ಬರಿಗೆ ಹೇಳಿದೆ. ಮೆಮೊರಿಯ ಗುಡಿಸಿದ ಜಾಗದಲ್ಲಿ ಹಳೆಯದು ಉಳಿದಿರುತ್ತದೆ, ತಪ್ಪಾಗಿ ಓದಿದರೆ ಅದೇ ಹೊರಬೀಳುತ್ತದೆ ಎಂದರು. ಅದು ನನಗೂ ಗೊತ್ತು. ಆದರೆ ಉಳಿಯಬೇಕಾದರೆ ಯಾರಾದರೂ ಅದನ್ನು ಒಮ್ಮೆ ಅಲ್ಲಿ ಇಟ್ಟಿರಬೇಕು. ಬಯಲಿನಲ್ಲಿ ಬಾಯಿಂದ ಆಡಿದ್ದನ್ನು ಬೀಗ ಹಾಕಿದ ಖೋಲಿಯ ಬೋರ್ಡಿನಲ್ಲಿ ಇಟ್ಟವರು ಯಾರು? ಗೌಡರಿಗೆ ಮೊಬೈಲಿನಲ್ಲಿ ಹೆಸರು ಹುಡುಕಲೂ ಮಗಳು ಬೇಕು. ಫೈಲುಗಳನ್ನೆಲ್ಲ ಜಾಲಾಡಿದೆ, ಒಂದು ಕನ್ನಡ ಅಕ್ಷರ ಸಿಗಲಿಲ್ಲ. ಅದೇ ಬೋರ್ಡಿನ ಮೇಲೆ ಅದೇ ತಪ್ಪನ್ನಿಟ್ಟು ಅದೇ ಪರೀಕ್ಷೆಯನ್ನು ಲೆಕ್ಕವಿಲ್ಲದಷ್ಟು ಸಲ ಓಡಿಸಿದೆ. ಅಂಕಿ ಬಂದು ನಿಲ್ಲುತ್ತದೆ, ಅಷ್ಟೇ. ನನಗೆ ಭ್ರಮೆಯಾಯಿತೆಂದು ಹೇಳಿಕೊಳ್ಳಬಹುದಿತ್ತು. ಓದಿದ್ದು ನಾನಲ್ಲವಲ್ಲ.

ಹೋದ ವರ್ಷ ಒಂದು ದಿನ ಕಾಕು ಫೋನ್ ಮಾಡಿದರು. "ನಿನ್ನಿ ಬಾಯಿ ಬಿಟ್ರಪಾ. ತೊದಲತಾರ, ಖರೆ ತಿಳೀತೈತಿ. ಮೊದ್ಲ ನಿನ್ನ ಕೇಳಿದ್ರು. ಫ್ಯಾನ್ ನಿಂದರಾಂಗಿಲ್ಲಲಾ ಈಗ, ಅಂದ್ರು. ಒಮ್ಮಿ ಬಂದು ಹೋಗು." ನಾಳೆಯೇ ಬರುತ್ತೇನೆ ಎಂದೆ.

ಆ ಕೋಡಿನ ಅರ್ಧ ಅವರ ಕೈಯದು. ಅಂದು ಆದದ್ದೇನೆಂದು ಹೇಳಬಲ್ಲವರು ಯಾರಾದರೂ ಇದ್ದರೆ ಅವರೊಬ್ಬರೇ, ಈಗ ಅವರಿಗೆ ಮಾತೂ ಬಂದಿದೆ. ರಾಯಬಾಗ ಏನೂ ದೂರವಿಲ್ಲ. ನಾನಿನ್ನೂ ಹೋಗಿಲ್ಲ. ಹೋಗಿ ಕೇಳಬೇಕೆಂದರೆ, ಆ ಸಾಲನ್ನು ಮೊದಲು ನಾನೇ ಅವರ ಮುಂದೆ ನನ್ನ ಬಾಯಿಂದ ಹೇಳಬೇಕಾಗುತ್ತದೆ.