ಪೋಲ್ಡಿ ಹೇಳಿದ ಊರಿನ ಹೆಸರು

ನಮ್ಮೂರಿಗೆ ಯಾವುದಕ್ಕೆ ಬರವಿದ್ದರೂ ಹೆಸರಿಗೆ ಬರವಿರಲಿಲ್ಲ. ಜರ್ಮನ್ ಆಡುವವರಿಗೆ ಪ್ರೆಸ್‌ಬುರ್ಗ್, ಹಂಗೇರಿಯವರಿಗೆ ಪೊಜೋನಿ, ಸ್ಲೊವಾಕರಾದ ನಮಗೆ ಪ್ರೆಶ್ಪೊರೊಕ್. ಮೊದಲ ಯುದ್ಧ ಮುಗಿದ ಮೇಲೆ ಸರ್ಕಾರದವರು ಬ್ರಾಟಿಸ್ಲಾವಾ ಎಂದರು. ಸಂತೆಯಲ್ಲಿ ನನ್ನ ಪಕ್ಕದಲ್ಲೇ ಗಸಗಸೆ ರೊಟ್ಟಿ ಮಾರುತ್ತಿದ್ದ ಜರ್ಮನ್ ಗೆಳತಿ ಪೋಲ್ಡಿಗೆ ಇದೆಲ್ಲ ನಗೆಯ ವಿಷಯ.

"ಎಲ್ಲಾ ಒಂದೇ ಕಣೇ ಯುಸ್ತೀನಾ. ಹಳೇ ಕಾಲದಲ್ಲಿ ಯಾವನೋ ಒಬ್ಬ ದೊರೆ, ಬ್ರಸ್ಲಾವ್ ಅಂತಲೋ ಪ್ರೆಸ್ಲಾವ್ ಅಂತಲೋ. ಅವನ ಕೋಟೆ ಅಂತ ನಮ್ಮೋರು ಪ್ರೆಸ್‌ಬುರ್ಗ್ ಅಂದ್ರು. ಅದನ್ನೇ ನಿಮ್ಮೋರು ನಾಲಿಗೆ ತಿರುಗಿದ ಹಾಗೆ ಪ್ರೆಶ್ಪೊರೊಕ್ ಮಾಡ್ಕೊಂಡ್ರಿ. ಹಂಗೇರಿಯೋರು ಇನ್ಯಾವನೋ ಬೊಜಾನನ ಹೆಸರು ಹಿಡ್ಕೊಂಡ್ರಂತೆ. ಈಗಿನದೂ ಆ ಮೊದಲನೇ ದೊರೇದೇ, ಓದಿದೋರು ತೊಳೆದಿಟ್ಟಿದ್ದು ಅಷ್ಟೆ. ಸತ್ತೋರ ಹೆಸರಿಗೆ ಬದುಕಿರೋರು ಯಾಕೆ ಕಿತ್ತಾಡ್ತಾರೋ."

ಆಗ ನಮ್ಮಲ್ಲಿ ಮಕ್ಕಳನ್ನು ಬದಲು ಕೊಡುವ ರೂಢಿಯಿತ್ತು. ಜರ್ಮನ್ ಮನೆಯ ಹುಡುಗಿ ಒಂದು ವರ್ಷ ಹಂಗೇರಿಯವರ ಹಳ್ಳಿಯಲ್ಲಿ, ಅವರ ಮಗು ಇಲ್ಲಿ. ಮಾತು ಕಲಿಯಲಿ ಎಂದು. ಪೋಲ್ಡಿ ಹಾಗೆ ಹೋಗಿ ಬಂದವಳು, ಆಮೇಲೆ ನಮ್ಮ ಸ್ಲೊವಾಕ್ ರೈಲ್ವೆಯವನನ್ನು ಕಟ್ಟಿಕೊಂಡವಳು. ಎದುರಿಗಿದ್ದವರು ಯಾವ ಮಾತಾಡುತ್ತಾರೋ ಅದರಲ್ಲೇ ಊರಿನ ಹೆಸರು ಹೇಳಬೇಕು. ಅದು ಆ ಮಕ್ಕಳಿಗೆ ತುತ್ತಿನ ಜೊತೆ ತಿನ್ನಿಸಿದ ಮರ್ಯಾದೆ.

ಎರಡನೇ ಯುದ್ಧ ಮುಗಿಯಿತು. ಜರ್ಮನ್ನರನ್ನು ರೈಲಿಗೆ ತುಂಬಿ ಗಡಿಯಾಚೆ ಕಳಿಸತೊಡಗಿದರು. ಪೋಲ್ಡಿಯ ಗಂಡ ಅಷ್ಟರಲ್ಲಿ ತೀರಿಹೋಗಿದ್ದ. ಮಗಳು ಮಾರ್ಗಿತಾ ತುಂಬು ಬಸುರಿ. ಅಂಥ ಹೊತ್ತಿನಲ್ಲೇ, ಪೋಲ್ಡಿಯನ್ನು ಜರ್ಮನಳೆಂದು ಕಳಿಸಬೇಕೋ ಸ್ಲೊವಾಕನ ಹೆಂಡತಿಯೆಂದು ಉಳಿಸಿಕೊಳ್ಳಬೇಕೋ ಎಂಬ ವಿಚಾರಣೆಗೆ ಕರೆ ಬಂತು.

"ಅಮ್ಮಾ, ಸ್ಲೊವಾಕ್‌ನಲ್ಲೇ ಮಾತಾಡು. ಊರು ಯಾವುದು ಅಂದ್ರೆ ಬ್ರಾಟಿಸ್ಲಾವಾ ಅನ್ನು. ಬೇರೆ ಒಂದಕ್ಷರ ಬೇಡ," ಎಂದು ಮಾರ್ಗಿತಾ ಗಿಣಿಗೆ ಕಲಿಸಿದಂತೆ ಕಲಿಸಿದಳು.

"ನಾನೇನು ಹಸುಗೂಸಾ? ನಿನ್ನ ಬಾಣಂತನ ಮಾಡದೆ ಎಲ್ಲಿಗೂ ಹೋಗಲ್ಲ, ಸುಮ್ನಿರು."

ಸಾಕ್ಷಿ ಹೇಳಲು ನಾನೂ ಹೋದೆ. ಮೀಸೆ ಚಿಗುರುತ್ತಿದ್ದ ಅಧಿಕಾರಿಯೊಬ್ಬ ನಾಯಿಯ ಹಾಗೆ ಬೊಗಳಿದ. ಪೋಲ್ಡಿ ಚಾಚೂ ತಪ್ಪದೆ ಸ್ಲೊವಾಕ್‌ನಲ್ಲಿ ಉತ್ತರ ಕೊಟ್ಟಳು. ಗೆದ್ದೆವು ಎಂದುಕೊಂಡೆ. ಆಗ ಮೂಲೆಯಲ್ಲಿದ್ದ ಮುದುಕ ಗುಮಾಸ್ತ ಅವಳು ಅಷ್ಟು ಹೊತ್ತೂ ನಿಂತೇ ಇದ್ದದ್ದನ್ನು ನೋಡಿ ಎದ್ದು ಬಂದ. ಕುರ್ಚಿ ಎಳೆದುಕೊಟ್ಟ. ಅವನೂ ಹಳೇ ಊರಿನವನೇ, ಅವಳ ತಾಯಿಮಾತಲ್ಲೇ ಮೆಲ್ಲಗೆ ಕೇಳಿದ. "ಕೂತ್ಕೊಳ್ಳಿ ತಾಯಿ. ಹುಟ್ಟಿದ್ದೂ ಇದೇ ಊರಲ್ಲೇನಾ?"

"ಹೌದು ಸ್ವಾಮಿ, ಪ್ರೆಸ್‌ಬುರ್ಗ್‌ನಲ್ಲೇ. ನಿಮ್ಮ ಹೊಟ್ಟೆ ತಣ್ಣಗಿರಲಿ," ಎಂದಳು ಪೋಲ್ಡಿ, ಜರ್ಮನ್‌ನಲ್ಲೇ.

ಅಯ್ಯೋ, ಆ ಮರ್ಯಾದೆಗೆ ಬೆಂಕಿ ಬೀಳಲಿ. ಮುದುಕ ಬಲೆ ಹಾಕಿದನೆಂದು ನಾನು ಹೇಳಲಾರೆ, ಅವನ ಮುಖ ಬಿಳಿಚಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಿರಿಯವನು ಮಾತ್ರ, "ಸಾಕು, ಒಳಗಿದ್ದದ್ದು ಹೊರಗೆ ಬಂತು," ಎಂದ.

"ಏನೋ ಬಂತು? ಕುರ್ಚಿ ಕೊಟ್ಟೋರಿಗೆ ಉಪಕಾರ ಹೇಳಿದ್ಳು. ನಿಮ್ಮಮ್ಮ ನಿನಗೆ ಅಷ್ಟೂ ಕಲಿಸ್ಲಿಲ್ವಾ?" ಎಂದೆ. ಕತ್ತು ಹಿಡಿದು ನನ್ನನ್ನು ಆಚೆ ದಬ್ಬಿದರು.

ಮಾರ್ಗಿತಾಗೆ ನೋವು ಶುರುವಾದಾಗ ಪೋಲ್ಡಿ ಆಗಲೇ ರೈಲಿನಲ್ಲಿದ್ದಳು. ಬಾಣಂತನ ನಾನು ಮಾಡಿದೆ, ಅಳುತ್ತಾ ಮಾಡಿದೆ. ಜರ್ಮನಿಯ ಬವೇರಿಯಾದಲ್ಲಿ ಯಾವುದೋ ಹಲಗೆ ಮನೆಯಲ್ಲಿ ಎರಡನೇ ಚಳಿಗಾಲಕ್ಕೆ ಪೋಲ್ಡಿ ಸತ್ತಳಂತೆ. ಮೊಮ್ಮಗಳ ಮುಖ ನೋಡಲಿಲ್ಲ.

ಆ ಮಗುವಿಗೆ ಈಗ ಬೇರೆ ಮನೆಗೆ ಬದಲು ಹೋಗುವ ವಯಸ್ಸು. ಬದಲು ಕೊಡುವವರೇ ಊರಲ್ಲಿ ಉಳಿದಿಲ್ಲ. ಮೊನ್ನೆ ನನ್ನ ಅಂಗಡಿಯಲ್ಲಿ ಕೂತು, ನಮ್ಮಜ್ಜಿ ಯಾವೂರೋಳು ಎಂದು ಕೇಳಿತು. ನನ್ನ ಬಾಯಿಗೆ ಪೋಲ್ಡಿಯ ಮಾತೇ ಬಂತು. ಪ್ರೆಸ್‌ಬುರ್ಗ್ ಎಂದೆ.

ಮಾರ್ಗಿತಾ ಸರ್ರನೆ ಬಂದು ಮಗುವಿನ ಕೈ ಹಿಡಿದಳು. "ಅದನ್ನ ಅವಳ ಬಾಯಿಗೆ ಹಾಕ್ಬೇಡಿ ಯುಸ್ತೀನತ್ತೆ," ಎಂದಳು ತಗ್ಗಿದ ದನಿಯಲ್ಲಿ. "ಯಾರಾದ್ರೂ ಒಳ್ಳೆ ಮಾತಲ್ಲಿ ಕೇಳಿದ್ರೆ, ಇವಳೂ ಹೇಳ್ಬಿಡ್ತಾಳೆ."